ಕಾಯ್ದೆ ಉಳಿಯಿತು, ಕಾಯುವವರು ಯಾರು?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಉದ್ಯೋಗಾವಕಾಶ’ ಎಂಬ ವಿಷಯದ ಮೇಲೆ ನಾನು ಮಾತಾಡಬೇಕೆಂದು ಸಮಿತಿಯವರ ಇಚ್ಛೆಯಾಗಿತ್ತು. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಯೂಟ್ಯೂಬಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಾಗಾಗಿ ಸಮಿತಿಯವರ ಅನುಮತಿ ಪಡೆದು ಬೇರೆ ವಿಷಯ ಆರಿಸಿಕೊಂಡಿದ್ದೇನೆ. ಒಂದು ನಾಡಾಗಲಿ, ಒಂದು ಊರಾಗಲಿ ತಾನು ಇಷ್ಟು ದಿನ ಸೇರಿಕೊಂಡಿದ್ದ ದೊಡ್ಡ ಕೂಟದಿಂದ ಹೊರಗೆ ಬಂದರೆ, ಅಲ್ಲಿಯ ನೀರು, ಗಾಳಿ, ಕಸ, ಕೆರೆಗಳನ್ನು ಕಾಯುವ ಕೆಲಸ ಯಾರ ಪಾಲಿಗೆ ಹೋಗುತ್ತದೆ ಎಂಬುದೇ ಆ ವಿಷಯ.

ಇದು ನಮಗೇಕೆ ಬೇಕು ಎಂದು ಕೇಳಬಹುದು. ಕಾರಣ ದೂರದಲ್ಲಿಲ್ಲ. ಹುಬ್ಬಳ್ಳಿ ಮತ್ತು ಧಾರವಾಡ ಸೇರಿ 1962ರಲ್ಲಿ ಒಂದು ಮಹಾನಗರ ಪಾಲಿಕೆ ಆಯಿತು. ಇವತ್ತು ಅದರಲ್ಲಿ 82 ವಾರ್ಡುಗಳಿವೆ. 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು ಒಪ್ಪಿಗೆ ಕೊಟ್ಟಿತು. ಧಾರವಾಡದವರಿಗೆ ಇದು ಬಹಳ ವರ್ಷಗಳ ಬೇಡಿಕೆ. ‘ಅನುದಾನ ಎಲ್ಲಾ ಹುಬ್ಬಳ್ಳಿಗೇ ಹೋಗತೈತಿ, ನಮಗ ಬರೋದು ಆಶ್ವಾಸನೆ ಅಷ್ಟ’ ಎಂಬ ಮಾತನ್ನು ನಾನು ಸಣ್ಣವನಿದ್ದಾಗಿನಿಂದ ಕೇಳಿದ್ದೇನೆ. ನಾನು ಆ ಬೇಡಿಕೆಯ ವಿರೋಧಿಯಲ್ಲ. ತಮ್ಮ ಊರಿನ ಆಡಳಿತ ತಮ್ಮ ಕೈಯಲ್ಲಿರಬೇಕು ಎಂದು ಬಯಸುವುದರಲ್ಲಿ ತಪ್ಪೇನಿದೆ? ನನ್ನ ಚಿಂತೆ ಬೇರೆ. ನಮ್ಮ ಹಳ್ಳಿ ಆ ಪಾಲಿಕೆಯಲ್ಲೂ ಇಲ್ಲ, ಈ ಪಾಲಿಕೆಯಲ್ಲೂ ಇರುವುದಿಲ್ಲ. ಆದರೆ ಪಟ್ಟಣದವರು ಬಳಸಿ ಬಿಟ್ಟ ನೀರು ನಮ್ಮ ಹಳ್ಳದಲ್ಲಿ ಹರಿಯುತ್ತದೆ. ಅಣ್ಣತಮ್ಮಂದಿರು ಬೇರೆಯಾಗುವಾಗ ಮನೆ, ಹೊಲ, ಎತ್ತು ಹಂಚಿಕೊಳ್ಳುತ್ತಾರೆ. ಹಿತ್ತಲಿನ ಬಚ್ಚಲ ನೀರು ಯಾರ ಕಡೆ ಹರಿಯಬೇಕು ಎಂಬುದನ್ನು ಪಾಲುಪತ್ರದಲ್ಲಿ ಬರೆದವರನ್ನು ನಾನಂತೂ ನೋಡಿಲ್ಲ.

ನನಗೆ ಈ ವಿಷಯದ ರುಚಿ ಹತ್ತಿದ್ದು ನನ್ನ ನೌಕರಿಯಿಂದ. ಬೆಂಗಳೂರಿನಲ್ಲಿ ಕುಳಿತು ನಾವು ಕೆಲವರು ಇಂಗ್ಲೆಂಡಿನ ಒಂದು ನೀರಿನ ಕಂಪನಿಗೆ ಸಾಫ್ಟ್‌ವೇರ್ ಬರೆಯುತ್ತೇವೆ. ಅಲ್ಲಿಯ ಹಳೆಯ ಊರುಗಳಲ್ಲಿ ಮಳೆ ನೀರು, ಮನೆಯ ಹೊಲಸು ನೀರು ಎರಡೂ ಒಂದೇ ಕೊಳವೆಯಲ್ಲಿ ಹೋಗುತ್ತವೆ. ದೊಡ್ಡ ಮಳೆ ಬಂದರೆ ಕೊಳವೆ ತುಂಬಿ, ಹೊಲಸು ಮನೆಗಳ ಒಳಗೆ ತಿರುಗಿ ಬರಬಾರದೆಂದು ನದಿಗೆ ಬಿಡಲು ಒಂದು ತೂಬು ಇಟ್ಟಿರುತ್ತಾರೆ. ಆ ತೂಬಿಗೆ ಒಂದು ಸಣ್ಣ ಸೆನ್ಸರ್ ಕೂರಿಸಿರುತ್ತಾರೆ. ಅಲ್ಲಿ ನೀರು ಹೊರಗೆ ಬಿದ್ದ ಕೂಡಲೇ ನಮ್ಮ ಕಂಪ್ಯೂಟರಿಗೆ ಸುದ್ದಿ ಬರುತ್ತದೆ. ಎಷ್ಟು ಗಂಟೆಗೆ ಶುರುವಾಯಿತು, ಎಷ್ಟು ಗಂಟೆಗೆ ನಿಂತಿತು ಎಂಬುದನ್ನು ಲೆಕ್ಕ ಹಾಕುವುದು ನಮ್ಮ ಕೆಲಸ. ‘ಬಿ.ಇ. ಓದಿ ಇಂಗ್ಲೆಂಡಿನ ಗಟಾರ ಕಾಯಾಕ ಹತ್ತೀಯೇನೋ’ ಎಂದು ನನ್ನ ಕಾಕಾ ನಗುತ್ತಾರೆ. ಅದು ನಿಜವೇ.

ಆ ಗಟಾರದ ಕಥೆಯಲ್ಲಿ ಬ್ರಿಟನ್ನಿನ ಐವತ್ತು ವರ್ಷಗಳ ರಾಜಕೀಯವಿದೆ. 1973ರ ಜನವರಿ 1ರಂದು ಬ್ರಿಟನ್ ಆಗಿನ ಯುರೋಪಿನ ಕೂಟಕ್ಕೆ ಸೇರಿತು. ಆ ಕಾಲದಲ್ಲಿ ಅದಕ್ಕೆ ‘ಯುರೋಪಿನ ಕೊಳಕ ಮನುಷ್ಯ’ ಎಂಬ ಅಡ್ಡಹೆಸರಿತ್ತು. ಹೊಲಸನ್ನು ಕೊಳವೆ ಹಾಕಿ ಸಮುದ್ರಕ್ಕೆ ಬಿಡುತ್ತಿದ್ದರು. ಜನ ಈಜುವ ದಂಡೆಯ ನೀರು ಇಷ್ಟು ಶುದ್ಧವಾಗಿರಬೇಕು ಎಂದು ಕೂಟವು 1975ರಲ್ಲಿ ಒಂದು ನಿಯಮ ಮಾಡಿತು. ನಮ್ಮಲ್ಲಿ ಗೋವಾ ಇದ್ದಂತೆ ಅಲ್ಲಿ ಬ್ಲ್ಯಾಕ್‌ಪೂಲ್ ಎಂಬ ಹೆಸರಾಂತ ಕಡಲತೀರವಿದೆ. ಅಲ್ಲಿಯ ನೀರೇ ಆ ಮಟ್ಟಕ್ಕೆ ಬರಲಿಲ್ಲ. 1993ರಲ್ಲಿ ಯುರೋಪಿನ ನ್ಯಾಯಾಲಯ ಬ್ರಿಟನ್ ತಪ್ಪಿತಸ್ಥ ಎಂದು ತೀರ್ಪು ಕೊಟ್ಟಿತು. ಲಂಡನ್ನಿನ ಹೊಲಸು ಥೇಮ್ಸ್ ನದಿಗೆ ಬೀಳುತ್ತಿದ್ದುದಕ್ಕೆ 2012ರಲ್ಲಿ ಮತ್ತೊಂದು ತೀರ್ಪು ಬಂತು. ಈಗ ಆ ನದಿಯ ಕೆಳಗೆ 25 ಕಿಲೋಮೀಟರ್ ಉದ್ದದ ಸುರಂಗ ಕೆಲಸ ಮಾಡುತ್ತಿದೆ.

ಇಲ್ಲಿ ಗಮನಿಸಬೇಕಾದದ್ದು ನಿಯಮಕ್ಕಿಂತ ಹೆಚ್ಚಾಗಿ ಆ ನಿಯಮ ನಡೆದ ಬಗೆ. ಬ್ರಿಟನ್ನಿನ ಯಾವುದೇ ಒಬ್ಬ ಸಾಮಾನ್ಯ ಮನುಷ್ಯ ‘ನಮ್ಮ ದಂಡೆಯ ನೀರು ಕೆಟ್ಟಿದೆ, ನಮ್ಮ ಸರಕಾರ ಕೇಳುತ್ತಿಲ್ಲ’ ಎಂದು ಬ್ರಸೆಲ್ಸ್‌ನಲ್ಲಿರುವ ಯುರೋಪಿಯನ್ ಆಯೋಗಕ್ಕೆ ಪತ್ರ ಬರೆಯಬಹುದಿತ್ತು. ಅದಕ್ಕೆ ವಕೀಲರ ಫೀ ಬೇಕಿರಲಿಲ್ಲ. ಆಯೋಗ ವಿಚಾರಣೆ ಮಾಡಿ ನ್ಯಾಯಾಲಯಕ್ಕೆ ಹೋಗುತ್ತಿತ್ತು. ನ್ಯಾಯಾಲಯ ಒಂದು ದೇಶದ ಸರಕಾರಕ್ಕೇ ದಂಡ ಹಾಕಬಹುದಿತ್ತು. ಸರಕಾರಕ್ಕೆ ಹೆದರಿಕೆ ಇದ್ದದ್ದು ಆ ದಂಡದ್ದು.

2016ರ ಜೂನ್ 23ರಂದು ಜನಮತ ನಡೆಯಿತು. ನೂರಕ್ಕೆ ಸುಮಾರು 52 ಜನ ‘ಹೊರಗೆ ಬರೋಣ’ ಎಂದರು. 2020ರ ಜನವರಿ 31ರಂದು ದೇಶ ಹೊರಗೆ ಬಂತು. ಹಳೆಯ ನಿಯಮಗಳು ಆ ವರ್ಷದ ಕೊನೆಯ ದಿನದವರೆಗೆ ನಡೆದವು. ಕಾನೂನುಗಳ ಗತಿ ಏನು ಎಂದು ಎಲ್ಲರೂ ಹೆದರಿದ್ದರು. ಅದಕ್ಕಾಗಿಯೇ 2018ರಲ್ಲಿ ಒಂದು ಕಾಯ್ದೆ ಮಾಡಿ, ಅಲ್ಲಿಯವರೆಗೆ ಇದ್ದ ಯುರೋಪಿನ ಕಾನೂನನ್ನು ಬಹುಪಾಲು ಹಾಗೆಯೇ ತಮ್ಮ ಪುಸ್ತಕಕ್ಕೆ ನಕಲು ಮಾಡಿಕೊಂಡರು.

ನಮ್ಮ ಸಾಫ್ಟ್‌ವೇರಿನಲ್ಲಿ ಇದನ್ನು ‘ಫೋರ್ಕ್’ ಎನ್ನುತ್ತೇವೆ. ಒಂದು ಪ್ರೋಗ್ರಾಮನ್ನು ಹಾಗೇ ನಕಲು ಮಾಡಿ, ಇವತ್ತಿನಿಂದ ಇದು ನಮ್ಮದು ಎಂದು ಬೇರೆ ನಡೆಸುವುದು. ನಕಲಿಗೆ ಐದು ನಿಮಿಷ ಸಾಕು. ಕಷ್ಟ ಶುರುವಾಗುವುದು ಆಮೇಲೆ. ರಾತ್ರಿ ಎರಡು ಗಂಟೆಗೆ ಪ್ರೋಗ್ರಾಮ್ ನಿಂತರೆ ಯಾರ ಫೋನು ಬಡಿದುಕೊಳ್ಳಬೇಕು? ಹಳೆಯ ತಂಡದಲ್ಲಿ ಅದಕ್ಕೊಬ್ಬ ಮನುಷ್ಯ ಇದ್ದ. ಕೋಡ್ ನಮ್ಮ ಜೊತೆ ಬಂತು, ಆ ಮನುಷ್ಯ ಬರಲಿಲ್ಲ. ಬ್ರಿಟನ್ನಿಗೆ ಆದದ್ದೂ ಇದೇ. ಕಾಯ್ದೆಗಳು ಬಂದವು, ಆದರೆ ಆಯೋಗ ಬ್ರಸೆಲ್ಸ್‌ನಲ್ಲೇ ಉಳಿಯಿತು.

ಆ ಜಾಗ ತುಂಬಲು ‘ಪರಿಸರ ರಕ್ಷಣಾ ಕಚೇರಿ’ ಎಂಬ ಹೊಸ ಸಂಸ್ಥೆ ಮಾಡಿದರು. ಅದಕ್ಕೆ ಆಧಾರವಾದ ಪರಿಸರ ಕಾಯ್ದೆ ಪಾಸಾದದ್ದು 2021ರ ನವೆಂಬರಿನಲ್ಲಿ. ಕಚೇರಿಗೆ ಪೂರ್ತಿ ಅಧಿಕಾರ ಸಿಕ್ಕದ್ದು 2022ರ ಜನವರಿಯಲ್ಲಿ. ಅಂದರೆ ಹಳೆಯ ಕಾವಲುಗಾರ ಹೋಗಿ ಹೊಸಬ ಕೋಲು ಹಿಡಿಯುವ ನಡುವೆ ಒಂದು ವರ್ಷ ಕಳೆಯಿತು. ಅದೂ ಅವನ ಕೋಲು ಗಿಡ್ಡ: ಸರಕಾರಕ್ಕೆ ದಂಡ ಹಾಕುವ ಅಧಿಕಾರ ಈ ಕಚೇರಿಗಿಲ್ಲ. ಹಾಗೆಂದು ಅದು ಸುಮ್ಮನೆ ಕುಳಿತಿಲ್ಲ. ಹೊಲಸು ನೀರಿನ ವಿಷಯದಲ್ಲಿ ಮಂತ್ರಾಲಯ, ಪರಿಸರ ಇಲಾಖೆ, ನೀರಿನ ನಿಯಂತ್ರಕ ಸಂಸ್ಥೆ ಮೂರೂ ಕಾನೂನು ಪಾಲಿಸಿಲ್ಲ ಎಂದು 2024ರ ಡಿಸೆಂಬರಿನಲ್ಲಿ ಬಹಿರಂಗವಾಗಿ ಹೇಳಿತು.

ಹೊರಗೆ ಬಂದದ್ದರಿಂದ ಎಲ್ಲಾ ಕೆಟ್ಟಿತು ಎಂದು ಹೇಳಿದರೆ ಅನ್ಯಾಯವಾದೀತು. ಉತ್ತರ ಸಮುದ್ರದ ಇಂಗ್ಲೆಂಡಿನ ಪಾಲಿನ ನೀರಿನಲ್ಲಿ ಒಂದು ಸಣ್ಣ ಮೀನನ್ನು ಬಲೆ ಹಾಕಿ ಹಿಡಿಯುವುದನ್ನು 2024ರಲ್ಲಿ ನಿಲ್ಲಿಸಿದರು. ಆ ಮೀನನ್ನೇ ನಂಬಿದ ಕಡಲ ಹಕ್ಕಿಗಳಿವೆ. ಯುರೋಪಿನವರು ಇದರ ಮೇಲೆ ತಕರಾರು ಎತ್ತಿದರೂ ನಿಷೇಧ ಉಳಿದುಕೊಂಡಿತು. ಒಕ್ಕೂಟದೊಳಗೆ ಇದ್ದಿದ್ದರೆ ಇದು ಇಷ್ಟು ಸುಲಭವಾಗುತ್ತಿರಲಿಲ್ಲ. ಇನ್ನೊಂದು ಕಡೆ ನೋಡಿ: ಥಯಾಮೆಥಾಕ್ಸಾಮ್ ಎಂಬ ಔಷಧವನ್ನು ನಮ್ಮ ಹತ್ತಿ ಬೆಳೆಗಾರರು ಬಲ್ಲರು. ಜೇನುಹುಳಕ್ಕೆ ಕುತ್ತು ಎಂದು ಯುರೋಪ್ ಅದನ್ನು ಬಯಲು ಹೊಲಗಳಲ್ಲಿ ಬಳಸದಂತೆ 2018ರಲ್ಲಿ ನಿಷೇಧಿಸಿತು. ಅದೇ ನಿಷೇಧ ಬ್ರಿಟನ್ನಿನ ಪುಸ್ತಕದಲ್ಲೂ ಇತ್ತು. ಆದರೂ 2022, 2023, 2024 ಮೂರೂ ವರ್ಷ ಸಕ್ಕರೆ ಗಡ್ಡೆಯ ಬೀಜಕ್ಕೆ ‘ತುರ್ತು’ ಎಂದು ಅನುಮತಿ ಕೊಟ್ಟರು. ಯುರೋಪಿನ ಕೆಲವು ದೇಶಗಳೂ ಇದೇ ತುರ್ತಿನ ದಾರಿ ಹಿಡಿದಿದ್ದವು. ಅವುಗಳಿಗೆ 2023ರ ಜನವರಿಯಲ್ಲಿ ಅವರ ನ್ಯಾಯಾಲಯ ತಡೆ ಹಾಕಿತು. ಆ ತಡೆ ಬ್ರಿಟನ್ನಿಗೆ ಅನ್ವಯಿಸಲಿಲ್ಲ, ಏಕೆಂದರೆ ಅದು ಆಗ ಹೊರಗಿತ್ತು. ಒಂದೇ ಅಕ್ಷರದ ಕಾಯ್ದೆ ಎರಡು ಕಡೆ ಎರಡು ರೀತಿ ನಡೆಯುವುದು ಹೀಗೆ.

ಇನ್ನು ನಾವು ಎಣಿಸುವ ಆ ತೂಬುಗಳ ಮಾತು. 2023ರ ಕೊನೆಗೆ ಇಂಗ್ಲೆಂಡಿನ ಎಲ್ಲಾ ತೂಬುಗಳಿಗೂ ಮಾಪಕ ಕೂರಿಸಿದ್ದರು. ಆ ಒಂದು ವರ್ಷದಲ್ಲಿ ಒಟ್ಟು 36 ಲಕ್ಷ ಗಂಟೆ ಕಾಲ ಹೊಲಸು ನದಿ ಸಮುದ್ರಗಳಿಗೆ ಬಿತ್ತು ಎಂಬ ಲೆಕ್ಕ ಹೊರಬಂತು. ಹಿಂದಿನ ವರ್ಷದ ಎರಡು ಪಟ್ಟು. ಮಳೆಯೂ ಹೆಚ್ಚಿತ್ತೆನ್ನಿ. ಒಕ್ಕೂಟ ಬಿಟ್ಟದ್ದಕ್ಕೆ ಗಟಾರ ಒಡೆಯಲಿಲ್ಲ, ಅದು ಮೊದಲಿನಿಂದಲೂ ಒಡೆದೇ ಇತ್ತು. ಆದರೆ ಲೆಕ್ಕ ಜನರ ಮೊಬೈಲಿಗೆ ಬಂದ ಮೇಲೆ ಆ ದೇಶದ ಚುನಾವಣೆಯಲ್ಲೇ ಗಟಾರ ಒಂದು ವಿಷಯವಾಯಿತು. ಈಜಲು ಹೋಗುವ ಮುದುಕಿ ಮೊದಲು ಫೋನು ನೋಡುತ್ತಾಳೆ. ಕಾವಲುಗಾರ ದುರ್ಬಲನಾದಾಗ ಅಳತೆಯೇ ಅರ್ಧ ಕಾವಲು ಕಾದಿತು. ಈ ಮಾತನ್ನು ನಾನು ಮುಂದೆ ನಮ್ಮ ಹಳ್ಳಕ್ಕೆ ತರುವವನಿದ್ದೇನೆ.

ಅದಕ್ಕೂ ಮೊದಲು, ಇದು ನಮಗೆ ಹೊಸದಲ್ಲ ಎಂಬುದನ್ನು ನೆನಪಿಸಬೇಕು. ನಮ್ಮ ಅಜ್ಜಂದಿರು ಒಂದು ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಒಂದು ರಾಜ್ಯ ಬಿಟ್ಟು ಇನ್ನೊಂದಕ್ಕೆ ಬಂದಿದ್ದರು. 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮುಂಬೈ ರಾಜ್ಯದಿಂದ ಹೊರಬಂದು ಮೈಸೂರು ರಾಜ್ಯಕ್ಕೆ ಸೇರಿತು. ಅದು ನಮ್ಮ ಏಕೀಕರಣದ ಸಂತೋಷದ ದಿನ. ಆದರೆ ಕಾಯ್ದೆಗಳು? ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 119ನೇ ಕಲಮಿನಲ್ಲಿ, ಬದಲಾಯಿಸುವವರೆಗೆ ಹಳೆಯ ಕಾನೂನುಗಳೇ ಆಯಾ ಭಾಗದಲ್ಲಿ ಮುಂದುವರಿಯುತ್ತವೆ ಎಂದು ಬರೆದಿದ್ದರು. ಬ್ರಿಟನ್ 2018ರಲ್ಲಿ ಮಾಡಿದ ಉಪಾಯವನ್ನು ನಮ್ಮವರು ಅರವತ್ತೆರಡು ವರ್ಷ ಮೊದಲೇ ಮಾಡಿದ್ದರು! ಹೀಗಾಗಿ ಮೈಸೂರು ರಾಜ್ಯದ ಪ್ರಜೆಯಾದ ನಮ್ಮ ರೈತನ ಹೊಲಕ್ಕೆ 1964ರ ಹೊಸ ಭೂಕಂದಾಯ ಕಾಯ್ದೆ ಬರುವವರೆಗೆ 1879ರ ಮುಂಬೈ ಕೋಡೇ ನಡೆಯಿತು. ಕಾಡಿಗೂ ಅದೇ ಗತಿ. ಮುಂಬೈ ಭಾಗಕ್ಕೊಂದು, ಹೈದರಾಬಾದ್ ಭಾಗಕ್ಕೊಂದು, ಮದ್ರಾಸ್ ಭಾಗಕ್ಕೊಂದು, ಹಳೆ ಮೈಸೂರಿಗೊಂದು ಎಂದು ಇದ್ದ ಅರಣ್ಯ ಕಾನೂನುಗಳ ಜಾಗಕ್ಕೆ 1963ರ ಕಾಯ್ದೆ ಬಂತು.

ಕಾಯ್ದೆಯ ವಿಷಯದಲ್ಲಿ ಅವರು ಜಾಣರಾಗಿದ್ದರು. ಕಾವಲಿನ ವಿಷಯದಲ್ಲಿ ಹಾಗಾಗಲಿಲ್ಲ. ಅದೇ 1956ರಲ್ಲಿ ಸಂಸತ್ತು ನದಿ ಮಂಡಳಿಗಳ ಕಾಯ್ದೆ ಎಂಬುದನ್ನೂ ಮಾಡಿತು. ಎರಡು ಮೂರು ರಾಜ್ಯಗಳಲ್ಲಿ ಹರಿಯುವ ನದಿಗೆ ಒಂದು ಮಂಡಳಿ ಇರಲಿ, ಅದು ಇಡೀ ನದಿಯನ್ನು ನೋಡಿಕೊಳ್ಳಲಿ ಎಂಬ ಉದ್ದೇಶ. ಇವತ್ತಿನವರೆಗೆ ಆ ಕಾಯ್ದೆಯ ಕೆಳಗೆ ಒಂದೇ ಒಂದು ಮಂಡಳಿ ಹುಟ್ಟಿಲ್ಲ. ಕೃಷ್ಣಾ ನೀರಿನ ಜಗಳ 1969ರಲ್ಲಿ ನ್ಯಾಯಮಂಡಳಿಗೆ ಹೋಯಿತು. ಮಹದಾಯಿಯ ಬಗ್ಗೆ ನಾನು ಇವತ್ತು ಮಾತಾಡುವುದಿಲ್ಲ. ಶುರು ಮಾಡಿದರೆ ಊಟ ಆರಿಹೋಗುತ್ತದೆ. 2014ರಲ್ಲಿ ಆಂಧ್ರ ಒಡೆದಾಗ ಕಾಯ್ದೆಯಲ್ಲೇ ಕೃಷ್ಣಾ, ಗೋದಾವರಿಗೆ ಎರಡು ಮಂಡಳಿ ಬರೆದರು. ಇದು ಒಳ್ಳೆಯ ಹೆಜ್ಜೆ. ಆದರೆ ಆ ಮಂಡಳಿಗಳ ಅಧಿಕಾರ ಎಲ್ಲಿಯವರೆಗೆ ಎಂಬ ಅಧಿಸೂಚನೆ ಹೊರಟದ್ದು 2021ರ ಜುಲೈನಲ್ಲಿ, ಏಳು ವರ್ಷದ ನಂತರ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಐದು ಪಾಲಿಕೆಯಾಯಿತು. ಒಂದು ಕೆರೆಯ ಕೋಡಿ ಬಿದ್ದ ನೀರು ರಾಜಕಾಲುವೆಯಲ್ಲಿ ಇನ್ನೊಂದು ಪಾಲಿಕೆಯ ಕೆರೆಗೆ ಹೋಗುವ ಊರು ಅದು. ಅಲ್ಲಿ ಏನಾಗುತ್ತದೆ ಎಂದು ನಾನು ದಿನವೂ ನೋಡುತ್ತಿದ್ದೇನೆ.

ಈಗ ನಮ್ಮ ಕಡೆ ಬರೋಣ. ನಮ್ಮ ಅವಳಿ ನಗರ ಒಂದು ದಿಬ್ಬದ ಮೇಲಿದೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಕೂಡಿ, ಗಂಗಾವಳಿಯಾಗಿ ಉತ್ತರ ಕನ್ನಡದಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಪೂರ್ವದ ಬಯಲಿನ ನೀರು ಬೆಣ್ಣಿಹಳ್ಳಕ್ಕೆ, ಅಲ್ಲಿಂದ ಮಲಪ್ರಭೆಗೆ, ಕೃಷ್ಣೆಗೆ, ಬಂಗಾಳ ಕೊಲ್ಲಿಗೆ. ನಮ್ಮ ಊರಿನ ಗಟಾರದ ನೀರು ಎರಡು ಸಮುದ್ರ ಕಾಣುತ್ತದೆ ಎಂದು ಭೂಗೋಲದ ಮಾಸ್ತರು ಹೇಳಿ ನಗಿಸುತ್ತಿದ್ದರು. ಪಾಲಿಕೆಯ ಗಡಿ ಈ ಇಳಿಜಾರನ್ನು ಕೇಳಿ ಹಾಕಿದ್ದಲ್ಲ, ಹೊಸ ಗಡಿಯೂ ಹಾಗಿರುವುದಿಲ್ಲ.

ಪಾಲು ಹಂಚುವಾಗ ಕುಡಿಯುವ ನೀರಿನ ಬಗ್ಗೆ ನನಗೆ ಅಷ್ಟು ಭಯವಿಲ್ಲ. ಸವದತ್ತಿಯ ರೇಣುಕಾಸಾಗರದಿಂದ ಬಂದು ಅಮ್ಮಿನಭಾವಿಯಲ್ಲಿ ಶುದ್ಧವಾಗಿ ಎರಡೂ ಊರಿಗೆ ಹೋಗುವ ನೀರು ಅದು. ನಾಲ್ಕು ದಿನ ನಿಂತರೆ ಹೆಣ್ಣುಮಕ್ಕಳು ಕೊಡ ಹಿಡಿದು ರಸ್ತೆಗೆ ಬರುತ್ತಾರೆ. ಆಗ ಯಾವ ಪಾಲಿಕೆಯೇ ಆಗಲಿ ಎದ್ದು ಕೂರುತ್ತದೆ. ಬರುವ ನೀರಿಗೆ ಜಗಳ ಮಾಡುವವರಿದ್ದಾರೆ. ಹೋಗುವ ನೀರಿಗೆ ಯಾರಿದ್ದಾರೆ? ಊರು ದಾಟಿದ ಮೇಲೆ ಅದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ಬರುವುದಿಲ್ಲ. ಬರುವುದು ನಮ್ಮ ಮೂಗಿಗೆ.

ಇದು ನನ್ನ ಊಹೆಯಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಿ.ಎಸ್. ಹುಣಶಾಳ ಅವರು ಬ್ರಿಟನ್ನಿನ ಸಂಶೋಧಕರಾದ ಆಂಡ್ರ್ಯೂ ಬ್ರ್ಯಾಡ್‌ಫರ್ಡ್, ರಾಬರ್ಟ್ ಬ್ರೂಕ್ ಜೊತೆ ಸೇರಿ ಬರೆದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಅವಳಿ ನಗರದ ಹೊಲಸು ನೀರನ್ನೇ ಪಂಪು ಹಾಕಿ ಎತ್ತಿ, ಸುತ್ತಲ ಹಳ್ಳಿಗಳ ರೈತರು ಬೇಸಿಗೆಯಲ್ಲೂ ಬೆಳೆ ತೆಗೆಯುತ್ತಿರುವುದನ್ನು ಅವರು ದಾಖಲಿಸಿದರು. ನಾನು ಅದನ್ನು ಓದಿ ಬೆರಗಾದದ್ದು ಅದರ ಎರಡೂ ಮುಖ ತೋರಿಸಿದ್ದಕ್ಕೆ. ಆ ನೀರಿನಲ್ಲಿ ಗೊಬ್ಬರದ ಅಂಶವಿದೆ, ವರ್ಷವಿಡೀ ಹರಿಯುತ್ತದೆ, ಕಾಯಿಪಲ್ಲೆ ಮಾರಿ ಮಕ್ಕಳನ್ನು ಓದಿಸಿದ ಮನೆಗಳಿವೆ. ಅದರ ಜೊತೆಗೇ ಬಿಡುವಿಲ್ಲದೆ ಬೆಳೆಯುವುದರಿಂದ ಹುಳು ಹೆಚ್ಚಿ ಔಷಧ ಹೊಡೆಯುವುದೂ ಹೆಚ್ಚಾಯಿತು. ಹೂಳಿನಲ್ಲಿ ಆಸ್ಪತ್ರೆಯ ಸೂಜಿ, ಸಿರಿಂಜು ಬಂದು ಬರಿಗಾಲಿಗೆ ಚುಚ್ಚುತ್ತವೆ. ಇಲ್ಲಿ ಕುಳಿತ ಹಲವರಿಗೆ ಇದನ್ನು ನಾನು ಪುಸ್ತಕ ನೋಡಿ ಹೇಳಬೇಕಿಲ್ಲ. ‘ಹಳ್ಳದ ನೀರು ಬ್ಯಾಡ ಅಂದ್ರ ಹೊಲಕ್ಕ ಏನ್ ಬಿಡ್ಲಿ, ನಿನ್ನ ಲ್ಯಾಪ್‌ಟಾಪ್ ಬಿಡ್ಲೇನ?’ ಎಂದು ಹೋದ ವರ್ಷ ನಮ್ಮ ಪಕ್ಕದ ಹೊಲದ ದೊಡ್ಡಪ್ಪ ಕೇಳಿದರು. ನ್ಯಾಯವಾದ ಪ್ರಶ್ನೆ. ನೀರು ನಿಲ್ಲಲಿ ಎಂದು ನಾನು ಹೇಳುತ್ತಿಲ್ಲ. ಅದರಲ್ಲಿ ಏನಿದೆ ಎಂದು ತಿಳಿದು ಬಿಡುವಂತಾಗಲಿ ಎನ್ನುತ್ತಿದ್ದೇನೆ.

ಬ್ರಿಟನ್ನಿಗಿಂತ ನಮ್ಮ ಸ್ಥಿತಿ ಒಂದು ರೀತಿಯಲ್ಲಿ ಒಳ್ಳೆಯದು. ಎರಡು ಪಾಲಿಕೆಯಾದರೂ ಮೇಲಿನ ಕಾವಲುಗಾರ ಹೋಗುವುದಿಲ್ಲ. 1974ರ ಜಲ ಕಾಯ್ದೆ ಎರಡಕ್ಕೂ ಒಂದೇ, ಆ ವರ್ಷವೇ ಹುಟ್ಟಿದ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯೂ ಒಂದೇ. ಅದರ ಮೇಲೆ ಹಸಿರು ನ್ಯಾಯಮಂಡಳಿ ಇದೆ. ಕಸ ಮತ್ತು ಹೊಲಸು ನೀರಿನ ನಿರ್ವಹಣೆ ಸರಿಯಿಲ್ಲ ಎಂದು ಅದು 2022ರಲ್ಲಿ ಇಡೀ ಕರ್ನಾಟಕ ಸರಕಾರಕ್ಕೇ 2,900 ಕೋಟಿ ರೂಪಾಯಿ ಪರಿಹಾರ ವಿಧಿಸಿತ್ತು. ಕೋಲು ಉದ್ದವೇ ಇದೆ. ಆದರೆ ಇಷ್ಟು ದಿನ ಹಳ್ಳ ಕೆಟ್ಟರೆ ಕೇಳಲು ಒಂದು ಬಾಗಿಲಿತ್ತು. ನಾಳೆ ಎರಡು ಬಾಗಿಲಾದಾಗ ಇವರು ಅವರ ಕಡೆ, ಅವರು ಇವರ ಕಡೆ ಕೈ ತೋರಿಸಿದರೆ ಮಂಡಳಿ ಯಾರಿಗೆ ನೋಟೀಸು ಕೊಡಬೇಕು? ಗಡಿಯಲ್ಲಿ ಅಳತೆಯಿಲ್ಲದಿದ್ದರೆ ಯಾರ ಹೊಲಸು ಎಷ್ಟು ಎಂದು ದೇವರೂ ಹೇಳಲಾರ.

ಹಳೆಯ ಕಸದ ಲೆಕ್ಕವೂ ಇದೆ. ಧಾರವಾಡದ ಹೊಸಯಲ್ಲಾಪುರದ ಗುಡ್ಡೆ, ಹುಬ್ಬಳ್ಳಿಯ ಕಾರವಾರ ರಸ್ತೆಯ ಗುಡ್ಡೆ ಎರಡೂ ಒಟ್ಟಿಗಿದ್ದ ಸಂಸಾರದ ಕಾಲದವು. ಬ್ರಿಟನ್ ಹೊರಬರುವಾಗ, ಒಟ್ಟಿಗಿದ್ದಾಗ ಒಪ್ಪಿಕೊಂಡ ಖರ್ಚಿನಲ್ಲಿ ತನ್ನ ಪಾಲು ಕೊಡಬೇಕಾಯಿತು. ಆಗಿನ ಅಂದಾಜು 35ರಿಂದ 39 ಶತಕೋಟಿ ಪೌಂಡು. ಅಷ್ಟು ದೊಡ್ಡವರೇ ಅಷ್ಟು ಲೆಕ್ಕ ಬರೆದುಕೊಂಡಿದ್ದಾರೆ. ನಮ್ಮ ಪಾಲುಪತ್ರದಲ್ಲೂ ಆಸ್ತಿ, ಸಿಬ್ಬಂದಿ, ಸಾಲದ ಜೊತೆ ಹಳೆಯ ಕಸಕ್ಕೊಂದು ಸಾಲು ಇರಲಿ.

ಅದಕ್ಕಾಗಿ ಒಂದು ಅರ್ಜಿಯ ಕರಡು ಬರೆದಿದ್ದೇನೆ. ಗ್ರಾಮಸಭೆಯಲ್ಲಿ ಓದಿ, ಠರಾವು ಮಾಡಿ ಜಿಲ್ಲಾಧಿಕಾರಿಗಳಿಗೂ ನಗರಾಭಿವೃದ್ಧಿ ಇಲಾಖೆಗೂ ಕಳಿಸಬಹುದು. ಕೇಳಿದ್ದು ದೊಡ್ಡದೇನಲ್ಲ. ಹಳ್ಳ ಪಟ್ಟಣದ ಗಡಿ ದಾಟುವ ಪ್ರತಿ ಜಾಗದಲ್ಲಿ ತಿಂಗಳಿಗೊಮ್ಮೆ ನೀರಿನ ಪರೀಕ್ಷೆ ಆಗಬೇಕು, ಅದರ ಫಲಿತಾಂಶ ಕನ್ನಡದಲ್ಲಿ ಕೆಳಗಿನ ಹಳ್ಳಿಗಳ ಪಂಚಾಯತಿ ಫಲಕಕ್ಕೆ ಬರಬೇಕು, ಎರಡು ಪಾಲಿಕೆಯಾದ ಮೇಲೂ ಹಳ್ಳಗಳಿಗೆ ಉತ್ತರ ಕೊಡುವ ಅಧಿಕಾರಿ ಒಬ್ಬರೇ ಇರಬೇಕು. ಆ ಅಧಿಕಾರಿಯ ಹೆಸರು ವಿಭಜನೆಯ ಆದೇಶದಲ್ಲೇ ಹುದ್ದೆಯಾಗಿ ಬರೆದಿರಬೇಕು. ಆಮೇಲೆ ನೋಡೋಣ ಎಂದರೆ ಏಳು ವರ್ಷ ಹಿಡಿಯುತ್ತದೆ ಎಂದು ಆಂಧ್ರದವರು ತೋರಿಸಿದ್ದಾರೆ.

ಅವರು ಅಳೆಯುವವರೆಗೆ ನಾವು ಸುಮ್ಮನಿರಬೇಕಿಲ್ಲ. ವಿಜ್ಞಾನದ ಅಕ್ಕೋರ ಜೊತೆ ಮಾತಾಡಿದ್ದೇನೆ. ನೀರಿನ ಆಮ್ಲತೆ, ಕರಗಿದ ಲವಣ, ಕರಗಿದ ಆಮ್ಲಜನಕ ನೋಡುವ ಸಣ್ಣ ಕಿಟ್ಟುಗಳನ್ನು ನಮ್ಮ ಬ್ಯಾಚಿನವರು ಸೇರಿ ಪ್ರಯೋಗಾಲಯಕ್ಕೆ ಕೊಡುತ್ತಿದ್ದೇವೆ. ಒಂಬತ್ತನೆಯ ತರಗತಿಯ ಮಕ್ಕಳು ವಾರಕ್ಕೊಮ್ಮೆ ಸೇತುವೆಯ ಹತ್ತಿರ, ಮಾಸ್ತರರು ಜೊತೆಗಿದ್ದಾಗ ಮಾತ್ರ, ಕೈಗವಸು ಹಾಕಿಕೊಂಡು ಬಕೀಟಿನಲ್ಲಿ ನೀರೆತ್ತಿ ಅಳೆದು ವಹಿಯಲ್ಲಿ ಬರೆಯಲಿ. ತಾರೀಖು, ವೇಳೆ, ಮಳೆ ಬಂದಿತ್ತೋ ಇಲ್ಲವೋ, ಬಣ್ಣ, ವಾಸನೆ, ಅಂಕಿ ಎಲ್ಲವೂ ಇರಲಿ. ನ್ಯಾಯಾಲಯದಲ್ಲಿ ಇದು ಸಾಕ್ಷಿಯಾಗಲಾರದು, ಅದು ನನಗೆ ಗೊತ್ತು. ಆದರೆ ‘ಯಾವಾಗಿನಿಂದ ಹೀಗಾಗಿದೆ?’ ಎಂದು ಅಧಿಕಾರಿಗಳು ಕೇಳಿದಾಗ ‘ಭಾಳ ದಿನ ಆತ್ರಿ’ ಎನ್ನುವ ಬದಲು ವಹಿ ತೆರೆದು ತೋರಿಸಬಹುದು. ಆ ಅಂಕಿಗಳನ್ನು ಮೊಬೈಲಿನಲ್ಲಿ ನಕ್ಷೆಯಾಗಿ ತೋರಿಸುವ ಪ್ರೋಗ್ರಾಮ್ ಬರೆಯುವುದು ನನ್ನ ಪಾಲಿನ ಕೆಲಸ.

ಅರ್ಜಿಯ ಪ್ರತಿ ಮುಖ್ಯೋಪಾಧ್ಯಾಯರ ಮೇಜಿನ ಮೇಲಿದೆ. ಹಳ್ಳದ ದಂಡೆಯಲ್ಲಿ ಹೊಲ ಇರುವವರು ಸಹಿಯ ಮುಂದೆ ಸರ್ವೆ ನಂಬರನ್ನೂ ಬರೆಯಬೇಕು. ನಂಬರು ನೆನಪಿಲ್ಲದವರು ಉತಾರ ತೆಗೆಸಿಕೊಂಡು ಸೋಮವಾರ ಬಂದರೂ ನಡೆಯುತ್ತದೆ. ನಾನು ಮಂಗಳವಾರ ರಾತ್ರಿಯ ಬಸ್ಸಿಗೆ ಹೋಗುವವನು. ಅಲ್ಲಿಯವರೆಗೆ ಊರಲ್ಲೇ ಇರುತ್ತೇನೆ.